ಏಳು ಅಂದರೆ ಏಳಬೇಕೋ, ಅಳಬೇಕೋ

ನಮ್ಮಮ್ಮನ ತಾಯಿ ಬಾಗೇಪಲ್ಲಿ ಕಡೆಯವರು. ಮನೆಮಾತು ತೆಲುಗು. ಸುಗ್ಗಿ ಮುಗಿದು ರಾಗಿ ಅಳೆಯುವಾಗ ಅಜ್ಜಿಯ ಎಣಿಕೆ ಕೇಳಬೇಕಿತ್ತು. ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ‘ಲಾಭಂ’ ಅನ್ನುತ್ತಿದ್ದರು. ಆಮೇಲೆ ರೆಂಡು, ಮೂಡು ಅಂತ ಸರಾಗವಾಗಿ ಹೋಗಿ ಆರಕ್ಕೆ ಬಂದರೆ, ಏಳನೆಯ ಸೇರಿಗೆ ‘ಆರುನ್ನೊಕಟಿ’. ಅಂದರೆ ಆರರ ಮೇಲೊಂದು. ಎಂಟರಿಂದ ಮತ್ತೆ ಮಾಮೂಲು. ತೆಲುಗಿನಲ್ಲಿ ಏಳಕ್ಕೆ ‘ಏಡು’ ಅನ್ನುತ್ತಾರೆ. ಅಳು ಅನ್ನುವುದಕ್ಕೂ ಅದೇ ಸದ್ದು. ಕಣಜ ತುಂಬುವ ಹೊತ್ತಿನಲ್ಲಿ ಬಾಯಲ್ಲಿ ಅಳುವ ಮಾತು ಯಾಕೆ ಬರಬೇಕು ಅಂತ. ನಾವು ಮಕ್ಕಳು ರಾಗ ತೆಗೆದು ಅತ್ತರೂ ‘ಆರುನ್ನೊಕ್ಕ ರಾಗಂ’ ಶುರುವಾಯ್ತು ಅಂತ ನಗುತ್ತಿದ್ದರು.

ಅಪ್ಪನ ಕಡೆಯವರು ಕನ್ನಡದವರು. ಅಪ್ಪನಿಗೆ ಏಳು ಅಂದರೆ ಬೆಳಗಿನ ಜಾವ ನನ್ನ ಹೊದಿಕೆ ಕಿತ್ತು ಎಬ್ಬಿಸುವ ಮಾತು. ಅವರಿಗೆ ತೊಡಕಿದ್ದದ್ದು ಆರರ ಜೊತೆ. ದೀಪ ಆರಿತು ಅನ್ನಬಾರದು, ದೊಡ್ಡದಾಯಿತು ಅನ್ನಬೇಕು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಆ ದಿನದ ಮೊದಲ ಲಾಟು ಹಿಡಿಯುವಾಗ ಆರನೇ ನಂಬರಿನದಾದರೆ ಸುಮ್ನೆ ಮುಂದೆ ಹೋಗಿಬಿಡುತ್ತಿದ್ದರು. ಗೂಡು ಎಷ್ಟೇ ಚೆನ್ನಾಗಿರಲಿ.

ಹೀಗೆ ಒಂದೇ ಅಡುಗೆಮನೆಯಲ್ಲಿ ಒಂದೇ ಅಂಕಿಗೆ ಎರಡೆರಡು ಅರ್ಥ ಕೇಳಿ ಬೆಳೆದವನು ನಾನು. ಆದರೂ ಚೀನಾದವರು ಬರೀ ಅಂಕಿಗಳಿರುವ ವೆಬ್ ವಿಳಾಸಕ್ಕೆ ದುಡ್ಡು ಸುರಿಯುತ್ತಾರೆ ಅಂತ ಗೊತ್ತಾದಾಗ ‘ಇವರಿಗೇನು ತಲೆ ಕೆಟ್ಟಿದೆಯಾ’ ಅಂದುಕೊಂಡೆ. ಅದರ ಕತೆ ಇದು. ಸ್ವಲ್ಪ ದುಡ್ಡು ಬಂದದ್ದೂ ಇದೆ, ಅದಕ್ಕಿಂತ ಜಾಸ್ತಿ ಹೋದದ್ದೂ ಇದೆ.

ಶಿಡ್ಲಘಟ್ಟದ ದಿಬ್ಬೂರಹಳ್ಳಿ ರಸ್ತೆಯಲ್ಲಿ ನನ್ನದೊಂದು ಅಂಗಡಿ. ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ. ಜೊತೆಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. 2010ರ ಸುಮಾರಿಗೆ ಗೂಡಿನಿಂದ ನೂಲು ತೆಗೆಯುವ ಊರಿನ ರೀಲರ್‌ಗಳಿಗೂ ನೂಲಿನ ವ್ಯಾಪಾರಿಗಳಿಗೂ ‘ನಮ್ದೂ ಒಂದು ವೆಬ್‌ಸೈಟ್ ಇರಲಿ’ ಅನ್ನುವ ಹುಕಿ ಬಂದಿತ್ತು. 2011ರಲ್ಲಿ ಹಾಗೆ ಬಂದ ಒಬ್ಬರ ಅಂಗಡಿ ಹೆಸರು ದೇವರಿಂದ ಶುರುವಾಗಿ, ಅವರ ತಂದೆಯ ಹೆಸರಿನ ಮೇಲೆ ಹಾದು, ‘ಸಿಲ್ಕ್ ಟ್ರೇಡರ್ಸ್’ನಲ್ಲಿ ಮುಗಿಯುತ್ತಿತ್ತು. ಅಷ್ಟುದ್ದ ಯಾರು ಟೈಪ್ ಮಾಡುತ್ತಾರೆ ಅಂತ ಇಂಗ್ಲಿಷಿನ ನಾಲ್ಕು ಮೊದಲಕ್ಷರ ಜೋಡಿಸಿ ನೋಡಿದೆ. ಯಾರೋ ಬಿಟ್ಟುಕೊಟ್ಟ ಡಾಟ್ ಕಾಮ್ ಇರಬೇಕು, ಖಾಲಿ ಇತ್ತು. ಐನೂರು ಚಿಲ್ಲರೆ ರೂಪಾಯಿಗೆ ನನ್ನ ಖಾತೆಯಲ್ಲೇ ರಿಜಿಸ್ಟರ್ ಮಾಡಿದೆ. ದುಡ್ಡು ಆಮೇಲೆ ಕೊಡುತ್ತೇನೆ ಅಂದರು.

ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ನಮ್ಮೂರಲ್ಲಿ ಅದೇನಾಯಿತು ಅಂತ ರೇಷ್ಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚೈನಾ ಸಿಲ್ಕ್ ಅಂದರೆ ಶಿಡ್ಲಘಟ್ಟದಲ್ಲಿ ಬೈಗುಳವಾಗಿದ್ದ ಕಾಲ. ಗೂಡಿನ ರೇಟು ಬಿತ್ತು, ನೂಲು ಕದಲಲಿಲ್ಲ. ಆ ವ್ಯಾಪಾರಿ ಒಂದು ದಿನ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, ಇಳಿಯದೆಯೇ ಹೇಳಿದರು: “ವೆಬ್‌ಸೈಟ್ ಬೇಡಪ್ಪ. ನೂಲೇ ಹೋಗ್ತಾ ಇಲ್ಲ, ಇನ್ನು ವೆಬ್‌ಸೈಟಲ್ಲಿ ಏನು ಮಾರ್ಲಿ?” ದುಡ್ಡು ಕೇಳುವ ಮುಖ ನನಗಿರಲಿಲ್ಲ. ಹೆಸರು ನನ್ನ ಹತ್ತಿರವೇ ಉಳಿಯಿತು. ಬೇರೆ ಹೆಸರುಗಳ ಜೊತೆ ಅದೂ ವರ್ಷವರ್ಷ ತಾನೇ ನವೀಕರಣವಾಗುತ್ತಿತ್ತು. ನಾನು ಗಮನಿಸಲೇ ಇಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಒಂದು ಇ-ಮೇಲ್ ಬಂತು. ಕಳಿಸಿದವನ ವಿಳಾಸದಲ್ಲಿ ಹೆಸರೇ ಇಲ್ಲ. ಒಂಬತ್ತು ಅಂಕಿ, ಆಮೇಲೆ ಕ್ಯೂಕ್ಯೂ ಡಾಟ್ ಕಾಮ್, ಅಂದರೆ ಚೀನಾದ ಒಂದು ಮೇಲ್ ಸೇವೆ. ಒಳಗೆ ಒಂದೇ ಸಾಲು, ಈ ಹೆಸರು ಮಾರುತ್ತೀರಾ, 200 ಡಾಲರ್ ಅಂತ. ಮೋಸದ ಮೇಲ್ ಅಂತ ಅಳಿಸಿದೆ. ವಾರ ಬಿಟ್ಟು ಇನ್ನೊಂದು. ಅದನ್ನೂ ಅಳಿಸಿದೆ. ಮೂರನೆಯದು ಬೇರೆ ಅಂಕಿಯ ವಿಳಾಸದಿಂದ ಬಂತು, 250 ಡಾಲರ್. ಆಗ ಕುತೂಹಲ ಆಯಿತು. ಸ್ಕೂಟರ್ ನಿಲ್ಲಿಸಿ ಹೋದವರ ಅಂಗಡಿ ಹೆಸರು ಚೀನಾದ ಇಬ್ಬರಿಗೆ ಯಾಕೆ ಬೇಕು?

ಆ ಮೂರನೇ ಮೇಲಿನವನು ಎಳೆದಾಡಿ 400 ಡಾಲರ್‌ಗೆ ಒಪ್ಪಿದ. ಅಪ್ಪನಿಗೆ ಹೇಳಿದೆ. “ಚೈನಾದವನಾ? ದುಡ್ಡು ಕೈಗೆ ಬರೋವರೆಗೂ ಕೊಡಬೇಡ” ಅಂದರು. ಮಧ್ಯದಲ್ಲಿ ಒಂದು ಎಸ್ಕ್ರೋ ಕಂಪನಿ ಇರುತ್ತದೆ, ಅವನು ಮೊದಲು ಅಲ್ಲಿ ದುಡ್ಡು ಕಟ್ಟುತ್ತಾನೆ, ನಾನು ಹೆಸರು ಬಿಟ್ಟುಕೊಟ್ಟ ಮೇಲೆ ಅವರು ನನಗೆ ಕೊಡುತ್ತಾರೆ ಅಂತ ವಿವರಿಸಿದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಮಾರುಕಟ್ಟೆಯಲ್ಲೂ ರೀಲರ್ ಮೊದಲೇ ದುಡ್ಡು ಕಟ್ಟಿ ಆಮೇಲೆ ಹರಾಜು ಕೂಗುತ್ತಾನಲ್ಲ. ಆ ವೆಬ್ ಹೆಸರು ಯಾವ ಕಂಪನಿಯಲ್ಲಿ ರಿಜಿಸ್ಟರ್ ಆಗಿತ್ತೋ ಅಲ್ಲೇ ಅವನೂ ಒಂದು ಖಾತೆ ತೆರೆದ. ನಾನು ಇಲ್ಲಿಂದ ಅಲ್ಲಿಗೆ ತಳ್ಳಿದೆ. ಈ ವ್ಯವಹಾರದಲ್ಲಿ ಅದಕ್ಕೆ ಪುಶ್ ಅಂತಲೇ ಹೆಸರು. ಹತ್ತು ನಿಮಿಷದ ಕೆಲಸ. ಶುಲ್ಕ ಎಲ್ಲ ಕಳೆದು 24 ಸಾವಿರದ ಹತ್ತಿರ ಬಂತು.

ಮುಗಿದ ಮೇಲೆ ಕೇಳಿದೆ, ಈ ಹೆಸರಿನಲ್ಲಿ ಏನು ಅಂಗಡಿ ಇಡುತ್ತೀಯ ಅಂತ. ಅವನು ಅನುವಾದದ ಯಂತ್ರಕ್ಕೆ ಹಾಕಿದ ಇಂಗ್ಲಿಷಿನಲ್ಲಿ ಉತ್ತರಿಸಿದ. ಅಂಗಡಿ ಇಲ್ಲ. ಮಾರುತ್ತೇನೆ. ನಾಲ್ಕೂ ಒಳ್ಳೆಯ ಅಕ್ಷರ. ಸ್ವರ ಇಲ್ಲ. ವಿ ಇಲ್ಲ.

ಸ್ವರ ಇಲ್ಲದಿದ್ದರೆ ಅದು ಹೇಗೆ ಒಳ್ಳೆಯದು? ಅಲ್ಲಿಯವರೆಗೆ ನಾನು ಕಲಿತದ್ದು ಪೂರ್ತಿ ಉಲ್ಟಾ. ಹೆಸರು ಉಚ್ಚರಿಸುವಂತಿರಬೇಕು, ಇಂಗ್ಲಿಷಿನಲ್ಲಿ ಅರ್ಥ ಕೊಡಬೇಕು ಅಂತ ತಾನೇ ಎಲ್ಲರೂ ಹೇಳುವುದು. ಆ ರಾತ್ರಿ ಹುಡುಕುತ್ತಾ ಕೂತೆ.

ಚೀನಾದವರು ತಮ್ಮ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಕ್ರಮಕ್ಕೆ ಪಿನ್‌ಯಿನ್ ಅನ್ನುತ್ತಾರೆ. 1958ರಲ್ಲಿ ಜಾರಿಗೆ ಬಂದದ್ದು. ಅಲ್ಲಿನ ಜನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಚೀನೀ ಲಿಪಿ ಮೂಡಿಸಲು ಹೆಚ್ಚಾಗಿ ಇದನ್ನೇ ಒತ್ತುತ್ತಾರೆ. ಈ ಕ್ರಮದಲ್ಲಿ ಐ, ಯು, ವಿ ಅಕ್ಷರಗಳಿಂದ ಶುರುವಾಗುವ ಒಂದು ಪದವೂ ಇಲ್ಲ. ಎ, ಇ, ಒ ಇಂದ ಶುರುವಾಗುವವು ಕಡಿಮೆ. ಹೆಸರನ್ನು ಅವರು ಮೊದಲಕ್ಷರಗಳಿಗೆ ಇಳಿಸಿದರೆ ಉಳಿಯುವುದು ಬಹುಪಾಲು ಬೇರೆ ಇಪ್ಪತ್ತು ಅಕ್ಷರ. ಆ ಇಪ್ಪತ್ತನ್ನೇ ಈ ವ್ಯಾಪಾರದವರು ‘ಚೈನೀಸ್ ಪ್ರೀಮಿಯಂ’ ಅನ್ನುವುದು. ನಾಲ್ಕಕ್ಷರದ ಡಾಟ್ ಕಾಮ್ ಒಟ್ಟು 4,56,976 ಸಾಧ್ಯ. ಅದರಲ್ಲಿ ಈ ಇಪ್ಪತ್ತೇ ಅಕ್ಷರಗಳಿಂದ ಆದವು 1,60,000. ನಮ್ಮ ರೇಷ್ಮೆ ವ್ಯಾಪಾರಿಯ ದೇವರು, ತಂದೆ, ಸಿಲ್ಕು, ಟ್ರೇಡರ್ಸ್ ನಾಲ್ಕೂ ಆ ಗುಂಪಿಗೆ ಬಿದ್ದಿದ್ದವು. ಬರೀ ಅದೃಷ್ಟ.

ಇದು ನಮಗೆ ಹೊಸದೇನಲ್ಲ ಅಂತ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಹೊಳೆಯಿತು. ಎದುರಿಗೆ ಎಸ್.ಎಲ್.ಎನ್. ಅಂತ ಬರೆದ ಲಾರಿ, ಅದರ ಪಕ್ಕ ಎಸ್.ಎಲ್.ವಿ. ಅಂತ ಬರೆದ ಟೆಂಪೊ. ಪ್ಯಾರಿಸಿನವನಿಗೆ ತೋರಿಸಿದರೆ ಬರೀ ಮೂರು ಅಕ್ಷರ. ನಮ್ಮ ಕಡೆಯ ಮಗುವಿಗೂ ಅದು ಶ್ರೀ ಲಕ್ಷ್ಮೀನರಸಿಂಹ, ಶ್ರೀ ಲಕ್ಷ್ಮೀವೆಂಕಟೇಶ್ವರ. ಹೋಟೆಲು, ಜಲ್ಲಿ ಕ್ರಷರು, ಕಲ್ಯಾಣ ಮಂಟಪ, ಚಿಟ್ ಫಂಡು ಎಲ್ಲಕ್ಕೂ ಹೊಂದುತ್ತದೆ. ಎಸ್ ಇಲ್ಲದೆ ನಮ್ಮಲ್ಲಿ ವ್ಯಾಪಾರವೇ ಶುರುವಾಗದು. ವಿ ಅಂದರೆ ತಿಮ್ಮಪ್ಪ. ಅದೇ ವಿ ಚೀನಾದವನ ಕಣ್ಣಿಗೆ ಅನ್ನದಲ್ಲಿ ಸಿಕ್ಕ ಕಲ್ಲು. ಯಾವತ್ತಾದರೂ ನಮ್ಮ ಜಿಲ್ಲೆಯವರೇ ಸೇರಿ ಡೊಮೇನ್, ಅಂದರೆ ಇಂಥ ವೆಬ್ ಹೆಸರುಗಳ ಮಾರುಕಟ್ಟೆ ಮಾಡಿದರೆ ಎಸ್.ಎಲ್.ವಿ. ಯಾವ ರೇಟಿಗೆ ಹೋಗಬಹುದು ಅಂತ ಯೋಚಿಸಿ ನಕ್ಕೆ.

ಒಂದು ಮೊದಲಕ್ಷರ ಜೋಡಿ ಎಷ್ಟು ಮಾತಿಗೆ ಹೊಂದುತ್ತದೆ ಅನ್ನುವುದರಲ್ಲೇ ಬೆಲೆ ಇದೆ. ಎಸ್.ಎಚ್. ಶಾಂಘೈ ಆಗಬಹುದು, ‘ಷೆಂಗ್‌ಹ್ವೊ’ ಅಂದರೆ ಬದುಕು ಅನ್ನುವ ಪದವೂ ಆಗಬಹುದು. ಜಿಂಗ್‌ಡಾಂಗ್ ಅನ್ನುವ ದೊಡ್ಡ ಆನ್‌ಲೈನ್ ಅಂಗಡಿ ಮೊದಲು ‘360ಬೈ’ ಅನ್ನುವ ವಿಳಾಸದಲ್ಲಿತ್ತು. 2013ರಲ್ಲಿ ಜೆ.ಡಿ. ಡಾಟ್ ಕಾಮ್ ಆಯಿತು. ಎರಡೇ ಅಕ್ಷರ, ಎರಡೂ ಅವರ ಸ್ವಂತ ಹೆಸರಿನವು. ನಮ್ಮೆಲ್ಲರ ಜೇಬಿನಲ್ಲಿರುವ ಶಿಯೋಮಿ ಫೋನಿನವರು 2014ರಲ್ಲಿ ಎಂ.ಐ. ಡಾಟ್ ಕಾಮ್‌ಗೆ 36 ಲಕ್ಷ ಡಾಲರ್ ಕೊಟ್ಟರು. ಇಲ್ಲಿ ಐ ಇದೆಯಲ್ಲ ಅಂದರೆ, ಇದು ಮೊದಲಕ್ಷರದ ಜೋಡಿಯಲ್ಲ, ‘ಮಿ’ ಅನ್ನುವ ಪೂರ್ತಿ ಪದ. ಅಕ್ಕಿ ಅಂತ ಅರ್ಥ. ಶಿಯೋಮಿ ಅಂದರೆ ಚಿಕ್ಕ ಅಕ್ಕಿ, ಅಂದರೆ ನವಣೆ! ಇದನ್ನು ಹೇಳಿದಾಗ ಅಪ್ಪ ಫೋನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಾಲದಲ್ಲಿ ನಮ್ಮ ಹೊಲದಲ್ಲೇ ನವಣೆ ಇತ್ತು. ಕೇಳುವವರಿರಲಿಲ್ಲ ಅಂತ ಬಿಟ್ಟರು.

ಅಕ್ಷರದ ಲೆಕ್ಕ ಇಷ್ಟು. ಮಜಾ ಇರುವುದು ಅಂಕಿಗಳಲ್ಲಿ.

ಎಂಟಕ್ಕೆ ಅವರು ‘ಬಾ’ ಅನ್ನುತ್ತಾರೆ. ಏಳಿಗೆಯಾಗು, ದುಡ್ಡಾಗು ಅನ್ನುವ ಮಾತು ‘ಫಾ’. ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸ್ ಮಾತಿನಲ್ಲಿ ಇವೆರಡೂ ಇನ್ನೂ ಹತ್ತಿರ. ಸದ್ದು ಹೋಲುತ್ತದೆ ಅನ್ನುವಷ್ಟಕ್ಕೇ 8 ಚಿನ್ನವಾಗಿದೆ. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ ಎಂಟನೇ ತಿಂಗಳ ಎಂಟನೇ ತಾರೀಕು, ರಾತ್ರಿ 8 ಗಂಟೆಗೆ. ಸಿಚುವಾನ್ ಏರ್‌ಲೈನ್ಸ್‌ನವರು 2003ರಲ್ಲಿ ಬರೀ ಎಂಟು ಎಂಟುಗಳಿರುವ ಒಂದು ಫೋನ್ ನಂಬರಿಗೆ 23 ಲಕ್ಷ ಯುವಾನ್‌ಗೂ ಜಾಸ್ತಿ ಕೊಟ್ಟರು. ಬಾ ಅನ್ನುವುದು ನಮಗೂ ಲಕ್ಷ್ಮಿಯನ್ನು ಕರೆಯುವ ಮಾತೇ ಅಲ್ವಾ? ಆದರೆ ನಮ್ಮ ಸೋದರಮಾವನ ಎದುರು ಎಂಟರ ಸುದ್ದಿ ಎತ್ತುವ ಹಾಗಿಲ್ಲ. ಎಂಟು ಶನಿಯ ಅಂಕಿ. ಅವರು ಕಾರು ತಗೊಂಡಾಗ ಚಿಕ್ಕಬಳ್ಳಾಪುರದ ಆರ್‌ಟಿಒದಲ್ಲಿ ಕೆಎ-40ರ ಮುಂದೆ ಬರುವ ನಾಲ್ಕಂಕಿ ಕೂಡಿಸಿ ಎಂಟು ಬರುತ್ತದೆ ಅಂತ ಎರಡು ವಾರ ಕಾದರು. ಆ ಬಿಟ್ಟ ನಂಬರ್ 8-0-0-0. ಯಾರೋ ಪುಣ್ಯಾತ್ಮ ತಗೊಂಡು ಓಡಿಸುತ್ತಿರಬೇಕು.

ನಾಲ್ಕು ‘ಸ್ಸಿ’. ಸಾವಿಗೂ ‘ಸ್ಸಿ’. ಎಳೆಯುವ ರಾಗ ಮಾತ್ರ ಬೇರೆ. ಅದಕ್ಕೇ ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯೇ ಇರುವುದಿಲ್ಲ. ಆರು ‘ಲ್ಯೂ’, ಸರಾಗವಾಗಿ ಹರಿಯುವುದು. ನಮ್ಮಪ್ಪ ದೂರ ಇಟ್ಟ ಅಂಕಿ. ಒಂಬತ್ತು ‘ಜ್ಯೂ’, ಬಹುಕಾಲ ಬಾಳುವುದು. ಹೆಂಡಕ್ಕೂ ಅದೇ ಸದ್ದು, ಹಾಗಾಗಿ ಮದ್ಯ ಮಾರುವವರಿಗೂ 9 ಬೇಕು. ಐದು ‘ವು’, ನಾನು ಅನ್ನುವ ‘ವೊ’ ಪದಕ್ಕೆ ಹತ್ತಿರ. 520 ಅಂದರೆ ‘ವೊ ಐ ನಿ’, ನಿನ್ನನ್ನು ಪ್ರೀತಿಸುತ್ತೇನೆ ಅಂತ. ಹಾಗಾಗಿ ಮೇ 20 ಅಲ್ಲಿ ಪ್ರೇಮಿಗಳ ದಿನ. 1314 ಅಂದರೆ ಜೀವನಪರ್ಯಂತ. ಗಮನಿಸಿ, ಅದರ ಕೊನೆಗೆ 4 ಇದೆ. ಸಾವಿನ ಅಂಕಿ ಸರಿಯಾದ ಜಾಗದಲ್ಲಿ ಕೂತರೆ ಮದುವೆಯ ಮಾತಾಗುತ್ತದೆ. 250 ಮಾತ್ರ ಯಾರಿಗೂ ಬೇಡ. ಅದು ಪೆದ್ದ ಅನ್ನುವ ಬೈಗುಳ, ನಮ್ಮ 420ರ ಸೋದರ ಅನ್ನಬಹುದು. ನನಗೆ ಬಂದ ಮೂರನೇ ಮೇಲ್‌ನಲ್ಲಿ 250 ಡಾಲರ್ ಅಂತ ಇತ್ತಲ್ಲ, ಅವನು ನನ್ನನ್ನು ಬೈದನೋ ಬೆಲೆ ಹೇಳಿದನೋ ಅಂತ ಈಗಲೂ ಅನುಮಾನ.

ಕೊನೆಗೆ ಏಳು. ‘ಚಿ’. ಅದು ‘ಏಳು, ಮೇಲೇಳು’ ಅನ್ನುವ ಪದಕ್ಕೆ ಹೋಲುತ್ತದೆ. ಇದನ್ನು ಓದಿದಾಗ ಮೈ ಜುಮ್ಮೆಂದಿತು. ಎಲ್ಲಿಯ ಚೀನಾ, ಎಲ್ಲಿಯ ಶಿಡ್ಲಘಟ್ಟ. ಆ ಅಂಕಿಯ ಮಟ್ಟಿಗೆ ನಮ್ಮಪ್ಪನಿಗೆ ಅಜ್ಜಿಗಿಂತ ಬೀಜಿಂಗಿನವನೇ ಹತ್ತಿರದ ನೆಂಟ.

ಇವೆಲ್ಲ ಬರೀ ನಂಬಿಕೆ ಅಂತ ತಳ್ಳಿಹಾಕುವಂತಿಲ್ಲ. ಇಂಗ್ಲಿಷ್ ಸ್ಪೆಲಿಂಗ್ ಬಾರದ ಕೋಟಿಗಟ್ಟಲೆ ಜನಕ್ಕೆ ಅಂಕಿ ಸುಲಭ. ಕ್ಯೂಕ್ಯೂ ಖಾತೆಗೆ ಅಂಕಿಯೇ ಗುರುತು, ಹಾಗಾಗಿ ಇ-ಮೇಲ್ ವಿಳಾಸವೂ ಅಂಕಿ. ಅಲ್ಲಿ ರೈಲು ಟಿಕೆಟ್ ತೆಗೆಯುವ ವೆಬ್‌ಸೈಟ್ 12306, ಅದೇ ರೈಲ್ವೆಯ ಸಹಾಯವಾಣಿಯ ನಂಬರ್ ಕೂಡ. ನೆಟ್‌ಈಸ್ ಕಂಪನಿಯ 163 ಡಾಟ್ ಕಾಮ್ ಬಂದದ್ದು, ಆ ಕಾಲದಲ್ಲಿ ಇಂಟರ್‌ನೆಟ್‌ಗೆ ಡಯಲ್ ಮಾಡುತ್ತಿದ್ದ ನಂಬರಿನಿಂದ. ಕೆಲಸ, ಬಾಡಿಗೆ ಮನೆ, ಹಳೇ ಸಾಮಾನಿಗೆ ಜಾಹೀರಾತು ಹಾಕುವ ಜಾಗ 58 ಡಾಟ್ ಕಾಮ್. ನಾನು ಏಳಿಗೆಯಾಗುತ್ತೇನೆ ಅಂತ ಕೇಳಿಸುತ್ತದೆ. 51 ಅಂದರೆ ‘ನನಗೆ ಬೇಕು’, ಅದರ ಮುಂದೆ ಜಾಬ್ ಸೇರಿಸಿ ಒಂದು ದೊಡ್ಡ ನೌಕರಿ ವೆಬ್‌ಸೈಟೇ ಇದೆ. ಅಲಿಬಾಬಾದವರ ಸಗಟು ಅಂಗಡಿ 1688. ಜೋರಾಗಿ ಹೇಳಿ ನೋಡಿ: ಯಿ-ಲ್ಯೂ-ಬಾ-ಬಾ. ಕಂಪನಿಯ ಹೆಸರೇ ಅಂಕಿಯಲ್ಲಿ ಕೂತಿದೆ. ಚಿಹೂ ಅನ್ನುವ ಕಂಪನಿ 2015ರ ಶುರುವಿನಲ್ಲಿ 360 ಡಾಟ್ ಕಾಮ್ ಅನ್ನು ವೊಡಾಫೋನ್‌ನಿಂದ 1.7 ಕೋಟಿ ಡಾಲರ್‌ಗೆ ಕೊಂಡಿತು. ಮೂರು ಅಂಕಿಗೆ ನೂರು ಕೋಟಿ ರೂಪಾಯಿಯ ಮೇಲೆ.

ಇಷ್ಟು ಓದಿಕೊಂಡವನು ಸುಮ್ಮನಿರಬೇಕಿತ್ತು. ಇರಲಿಲ್ಲ. ಆ ನವೆಂಬರ್‌ನಲ್ಲಿ ನಾನು ಮಾರಿದಂಥದ್ದೇ ನಾಲ್ಕಕ್ಷರದ ಹೆಸರುಗಳು ಸಾವಿರ ಡಾಲರ್ ದಾಟಿ ಹೋಗುತ್ತಿದ್ದವು. ಜೂನ್‌ನಿಂದ ಶಾಂಘೈ ಷೇರುಪೇಟೆ ಕುಸಿದಿತ್ತು, ಅಲ್ಲಿಂದ ಹೊರಬಂದ ದುಡ್ಡು ಡೊಮೇನ್‌ಗಳ ಕಡೆ ಹರಿಯುತ್ತಿದೆ ಅಂತ ಎಲ್ಲರೂ ಹೇಳುತ್ತಿದ್ದರು. 400ಕ್ಕೆ ಕೊಟ್ಟೆನಲ್ಲ ಅನ್ನುವ ಹೊಟ್ಟೆಯುರಿ ಬೇರೆ. ಬಂದ 24 ಸಾವಿರಕ್ಕೆ ಕೈಯಿಂದ ಇನ್ನಷ್ಟು ಸೇರಿಸಿ 43 ಹೆಸರು ಕೊಂಡೆ. ಆರಂಕಿಯ ಡಾಟ್ ಕಾಮ್ 22, ಐದು ವ್ಯಂಜನದ ಡಾಟ್ ಕಾಮ್ 10, ಅಗ್ಗ ಅಂತ ಅಂಕಿಯ ಡಾಟ್ ಇನ್ 11. ಒಟ್ಟು 26,800 ರೂಪಾಯಿ.

ಅಪ್ಪ ಒಂದೇ ಪ್ರಶ್ನೆ ಕೇಳಿದರು: “ಅಷ್ಟೊಂದು ಬೆಲೆ ಬಾಳೋದಾದ್ರೆ ಇವು ನಿನಗೆ ಯಾಕಪ್ಪ ಉಳಿದಿದ್ವು?”

ಮಾರುಕಟ್ಟೆಯಲ್ಲಿ ಮಧ್ಯಾಹ್ನದ ಮೇಲೆ ಉಳಿದ ಲಾಟಿನ ಹತ್ತಿರ ಅಪ್ಪ ಸುಳಿಯುತ್ತಿರಲಿಲ್ಲ. ಬೆಳಗ್ಗೆಯಿಂದ ಮುನ್ನೂರು ಜನ ಕೈಯಾಡಿಸಿ ಬಿಟ್ಟ ಗೂಡು ಅದು, ಅವರಿಗೆಲ್ಲ ಕಂಡದ್ದು ನನಗೂ ಕಾಣುವ ಮೊದಲೇ ಹೊರಡಬೇಕು ಅನ್ನುತ್ತಿದ್ದರು. ನನ್ನ 22 ಆರಂಕಿಗಳೂ ಹಾಗೆ ಉಳಿದವೇ. ನನ್ನಿಂದ ಹೆಸರು ಕೊಂಡವನಿಗೇ ಪಟ್ಟಿ ಕಳಿಸಿದೆ. ಅವನು ಒಂದೊಂದರ ಮುಂದೆ ಒಂದೇ ಪದ ಬರೆದು ವಾಪಸ್ ಕಳಿಸಿದ. ‘ನಾಲ್ಕು.’ ‘ನಾಲ್ಕು.’ ‘ಸೊನ್ನೆ.’ ‘ಎರಡು ನಾಲ್ಕು.’ ಒಂದರ ಮಧ್ಯೆ 250 ಇತ್ತು. ಅದರ ಮುಂದೆ ಪದವಿಲ್ಲ, ನಗುವ ಮುಖದ ಚಿತ್ರ. ಸೊನ್ನೆ ಮತ್ತು ನಾಲ್ಕು ಇಲ್ಲದ ಅಂಕಿಗೇ ಒಳ್ಳೆಯ ಬೆಲೆ ಅನ್ನುವುದನ್ನು ನಾನು ಓದಿದ್ದೆ. ಕೊಳ್ಳುವ ಹುಮ್ಮಸ್ಸಿನಲ್ಲಿ ‘ಒಂದೇ ಒಂದು ನಾಲ್ಕು ತಾನೇ’ ಅಂದುಕೊಂಡಿದ್ದೆ. ಡಾಟ್ ಇನ್ ಹನ್ನೊಂದನ್ನು ಅವನು ನೋಡಲೇ ಇಲ್ಲ.

ಡಾಟ್ ಇನ್ ಯಾಕೆ ಬೇಡ ಅಂತ ಆಮೇಲೆ ತಿಳಿಯಿತು. ಚೀನಾದ ಒಳಗೆ ಸರ್ವರ್ ಇಟ್ಟು ವೆಬ್‌ಸೈಟ್ ನಡೆಸಬೇಕಾದರೆ ಸರ್ಕಾರದಲ್ಲಿ ದಾಖಲೆ ಮಾಡಿಸಿ ನಂಬರ್ ತಗೊಳ್ಳಬೇಕು. ‘ಬೈಆನ್’ ಅನ್ನುತ್ತಾರೆ, ಅಲ್ಲಿನ ವೆಬ್‌ಸೈಟುಗಳ ಅಡಿಯಲ್ಲಿ ಆ ನಂಬರ್ ಕಾಣುತ್ತದೆ. ಹೆಸರಿನ ಒಡೆಯ ಯಾರು ಅಂತ ಗುರುತಿನ ಪುರಾವೆ ಕೊಡಬೇಕು. 2017ರ ನವೆಂಬರ್ 1ರಿಂದ ಡೊಮೇನ್ ನಿಯಮಗಳನ್ನು ಇನ್ನೂ ಬಿಗಿ ಮಾಡಿದರು. ಹೆಸರಿನ ಕೊನೆಗೆ ಬರುವ ಡಾಟ್ ಕಾಮ್, ಡಾಟ್ ಇನ್‌ನಂಥ ಬಾಲಗಳಲ್ಲಿ ಅಲ್ಲಿಯ ಅನುಮತಿ ಪಡೆದವಕ್ಕೆ ಮಾತ್ರ ಈ ದಾರಿ. ಬಳಸಲು ಆಗದ್ದನ್ನು ಅಂಕಿ ಎಷ್ಟೇ ಮುದ್ದಾಗಿದ್ದರೂ ಯಾರು ಕೊಳ್ಳುತ್ತಾರೆ? ಡಾಟ್ ಕಾಮ್, ಅವರ ಸ್ವಂತ ಡಾಟ್ ಸಿಎನ್, ಇವೇ ಅಲ್ಲಿ ಓಡುವ ಕುದುರೆ.

ಇನ್ನೊಂದು ಪಾಠಕ್ಕೆ ದುಡ್ಡು ಕೊಟ್ಟೇ ಕಲಿತೆ. ಆ ಚಳಿಗಾಲದಲ್ಲೇ ಒಬ್ಬ ಐದಕ್ಷರದ ಹೆಸರಿಗೆ 3,000 ಡಾಲರ್ ಕೊಡುತ್ತೇನೆ ಅಂದ. ‘ಬೆಲೆ ಕಟ್ಟಿದ ಸರ್ಟಿಫಿಕೇಟ್’ ಇದ್ದರೆ ಸಾಕು, ಇಂಥ ವೆಬ್‌ಸೈಟಿನಲ್ಲೇ ಮಾಡಿಸಬೇಕು ಅಂದ. 60 ಡಾಲರ್ ಕಟ್ಟಿದೆ. ಸರ್ಟಿಫಿಕೇಟ್ ಚಂದವಾಗಿ ಬಂತು, ಕೊಳ್ಳುವವನು ಮಾಯ. ಇವನೂ ಆ ವೆಬ್‌ಸೈಟಿನವನೂ ಒಬ್ಬನೇ ಅಂತ ಹೊಳೆಯುವ ಹೊತ್ತಿಗೆ ವಾರ ಆಗಿತ್ತು. ಈಗಲೂ ತಿಂಗಳಿಗೊಬ್ಬ ಗಿರಾಕಿ ಗಾಬರಿಯಿಂದ ಅಂಗಡಿಗೆ ಬರುತ್ತಾರೆ. ‘ಚೀನಾದ ಯಾವುದೋ ಕಂಪನಿ ನಿಮ್ಮ ಹೆಸರಿನಲ್ಲಿ ಡಾಟ್ ಸಿಎನ್ ತಗೊಳ್ಳಲು ಅರ್ಜಿ ಹಾಕಿದೆ, ಕೂಡಲೇ ನೀವೇ ಕೊಳ್ಳಿ’ ಅನ್ನುವ ಇ-ಮೇಲ್ ತೋರಿಸುತ್ತಾರೆ. ಯಾರೂ ಅರ್ಜಿ ಹಾಕಿರುವುದಿಲ್ಲ. ನಮ್ಮೂರಿನ ದ್ರಾಕ್ಷಿ ತೋಟದವರ ಹೆಸರು ಬೀಜಿಂಗಿನಲ್ಲಿ ಯಾರಿಗೆ ಬೇಕು ಸ್ವಾಮಿ, ಟೀ ಕುಡಿದು ಹೋಗಿ ಅನ್ನುತ್ತೇನೆ.

ಹುಡುಗರೂ ಬರುತ್ತಾರೆ. ಮೊನ್ನೆ ಒಬ್ಬ ಹೆಸರುವಾಸಿ ಮೊಬೈಲ್ ಬ್ರ್ಯಾಂಡಿನ ಮುಂದೆ 888 ಸೇರಿಸಿ ಡಾಟ್ ಕಾಮ್ ಕೊಂಡು ಬಂದಿದ್ದ. ಚೀನಾದವರಿಗೆ ಮಾರಿಸಿಕೊಡಿ ಅಣ್ಣ ಅಂದ. ಇನ್ನೊಬ್ಬರ ಟ್ರೇಡ್‌ಮಾರ್ಕ್ ಹಿಡಿದುಕೊಂಡು ಬೆಲೆ ಹೇಳಿದರೆ ಅವರು ದೂರು ಕೊಟ್ಟು ಹೆಸರನ್ನೇ ಕಿತ್ತುಕೊಳ್ಳಬಹುದು, ಅದಕ್ಕೆ 1999ರಿಂದಲೇ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ ಇದೆ ಅಂತ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. “888 ಚೆನ್ನಾಗೇ ಇದೆಯಲ್ಲ?” ಅಂದ. 888 ಚೆನ್ನಾಗಿದೆ. ಉಳಿದದ್ದು ಬೇರೆಯವರದು.

ನನ್ನ 43ರ ಕತೆ ಬೇಗ ಮುಗಿಯುತ್ತದೆ. 2016ರಲ್ಲಿ ಬೆಲೆಗಳು ಇಳಿದವು. ಕೊಳ್ಳುತ್ತಿದ್ದವರಲ್ಲಿ ಬಳಸುವವರಿಗಿಂತ ಮರುಮಾರುವವರೇ ಜಾಸ್ತಿ ಇದ್ದರು. ಒಬ್ಬ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ನೂಲು ತೆಗೆಯುವವನೇ ಇಲ್ಲದೆ ಗೂಡು ಕೈ ಬದಲಾಯಿಸಿದರೆ ಎಷ್ಟು ದಿನ? ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿ ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚಲಾಗದು. ಡೊಮೇನ್‌ನಲ್ಲಿ ಆ ಹುಳುವಿನ ಕೆಲಸ ಮಾಡುವುದು ವರ್ಷವರ್ಷದ ನವೀಕರಣದ ಬಿಲ್ಲು. ಐದಕ್ಷರದ ಎರಡು ಹೆಸರು 30 ಡಾಲರ್‌ನಂತೆ ಹೋದವು. ಉಳಿದವನ್ನು ಒಂದೊಂದಾಗಿ ಬಿಟ್ಟೆ. ನನ್ನ ಹೆಂಡತಿ ಆ ವರ್ಷ ಫ್ರಿಡ್ಜ್ ಕೇಳಿದ್ದಳು. ಅದರ ಬಗ್ಗೆ ಇಲ್ಲಿ ಬರೆಯದಿರುವುದೇ ವಾಸಿ.

ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಆರಂಕಿಯ ಡಾಟ್ ಕಾಮ್, ಮೂರು 7 ಇವೆ. ಒಂದು 4 ಕೂಡ ಇದೆ, ಮುಚ್ಚಿಡುವುದೇಕೆ. ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. ಅದನ್ನು ಕೊಂಡ ದಿನ ಅವರಿಗೆ ತೋರಿಸಿದ್ದೆ. “ಏಳು, ಏಳು, ಏಳು” ಅಂತ ನನ್ನನ್ನು ಎಬ್ಬಿಸುವ ದನಿಯಲ್ಲೇ ಓದಿದ್ದರು. ಒಳಗಿನಿಂದ ಅಜ್ಜಿ “ಎಂದುಕುರಾ ಅನ್ನಿ ಏಡುಪುಲು” ಅಂದಿದ್ದರು. ಯಾಕೋ ಅಷ್ಟೊಂದು ಅಳು ಅಂತ.

ಕಳೆದ ತಿಂಗಳು ಮತ್ತೆ ಒಂದು ಇ-ಮೇಲ್ ಬಂತು. ಅಂಕಿಯ ವಿಳಾಸ, ಒಂದೇ ಸಾಲು, ಈ ಹೆಸರಿಗೆ 80 ಡಾಲರ್. 168 ಕೊಟ್ಟರೆ ಕೊಡುತ್ತೇನೆ ಅಂತ ಬರೆದೆ. ಅವರ ಕಿವಿಗೆ 168 ಅಂದರೆ ದಾರಿಯುದ್ದಕ್ಕೂ ಏಳಿಗೆ. ಉತ್ತರ ಬಂದಿಲ್ಲ. ನವೀಕರಣದ ಕೊನೆಯ ದಿನ ಮುಂದಿನ ತಿಂಗಳ ನಾಲ್ಕನೇ ತಾರೀಕು.